ರಸ್ತೆ ಗದ್ದಲ ಮಲಗುವ ಕೋಣೆಗೆ ನುಗ್ಗದಂತೆ ತಡೆಯುವುದು ಹೇಗೆ?

ರಸ್ತೆ ಸದ್ದು ತಡೆಯಲಾರದೆ ಜನ ಮೊದಲು ಮಾಡುವ ಕೆಲಸ ಎಂದರೆ ಗೋಡೆಗೆ ಫೋಮ್ ಹಾಳೆ ಅಂಟಿಸುವುದು. ಇಲ್ಲವೇ ಮೊಟ್ಟೆ ಟ್ರೇ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ದುಡ್ಡೂ ಹೋಗಿ ಲಾರಿ ಸದ್ದೂ ಹಾಗೇ ಉಳಿದಿರುತ್ತದೆ. ಇವು ಕೋಣೆಯೊಳಗೆ ಗುಂಯ್‌ಗುಡುವುದನ್ನು ಕಡಿಮೆ ಮಾಡುತ್ತವೆ, ಅಷ್ಟೇ. ಹೊರಗಿನ ಸದ್ದು ನಿಲ್ಲಬೇಕಾದರೆ ಅಡ್ಡ ಇರುವ ವಸ್ತು ಭಾರವಾಗಿರಬೇಕು, ಅದರಲ್ಲಿ ಸಂದು ಇರಬಾರದು. ಗೋಡೆ ಹೇಗೂ ಭಾರವಾಗಿದೆ. ಸಂದು ಇರುವುದು ಕಿಟಕಿಯಲ್ಲಿ.

'ನಮಗೆ ಅಭ್ಯಾಸ ಆಗಿಬಿಟ್ಟಿದೆ' ಅನ್ನುವವರು ದಯವಿಟ್ಟು ಇದನ್ನು ಓದಿ. ನಿದ್ದೆಯಲ್ಲೂ ಕಿವಿ ಕೇಳುತ್ತಲೇ ಇರುತ್ತದೆ. ಬೈಕೊಂದು ಜೋರಾಗಿ ಹಾದುಹೋದರೆ ನಿಮಗೆ ಎಚ್ಚರವಾಗದೇ ಇರಬಹುದು, ಆದರೆ ಎದೆಬಡಿತ ಏರುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನು ಹೆಚ್ಚುತ್ತದೆ, ಗಾಢ ನಿದ್ದೆ ತೆಳುವಾಗುತ್ತದೆ. ಬೆಳಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಹೀಗೇ ವರ್ಷಗಟ್ಟಲೆ ನಡೆದರೆ ರಕ್ತದೊತ್ತಡ ಮತ್ತು ಹೃದಯದ ಕಾಯಿಲೆಯ ಅಪಾಯ ಜಾಸ್ತಿ. ಪಶ್ಚಿಮ ಯುರೋಪಿನಲ್ಲಿ ವಾಹನ ಸಂಚಾರದ ಗದ್ದಲದಿಂದ ಪ್ರತಿ ವರ್ಷ ಕನಿಷ್ಠ 10 ಲಕ್ಷ ಆರೋಗ್ಯಕರ ಜೀವನ ವರ್ಷಗಳು (ಕಾಯಿಲೆ, ಅಕಾಲ ಮರಣದಿಂದ ಜನ ಕಳೆದುಕೊಳ್ಳುವ ವರ್ಷಗಳ ಒಟ್ಟು ಲೆಕ್ಕ) ನಷ್ಟವಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಲೆಕ್ಕ ಕೊಟ್ಟಿತ್ತು. 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ರಾತ್ರಿ ಮನೆಯ ಹೊರಗಿನ ರಸ್ತೆ ಸದ್ದಿನ ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು ಎಂದು ಹೇಳಿದೆ. ದೊಡ್ಡ ರಸ್ತೆಯ ಪಕ್ಕದಲ್ಲಿ ಅದು ದೂರದ ಮಾತು. ಆದ್ದರಿಂದ ಮಲಗುವ ಕೋಣೆಯನ್ನಾದರೂ ಕಾಪಾಡಿಕೊಳ್ಳಿ.

ಹಂತ 1. ರಸ್ತೆಗೆ ಬೆನ್ನು ಹಾಕಿರುವ ಕೋಣೆ ಇದ್ದರೆ ಇವತ್ತೇ ಹಾಸಿಗೆಯನ್ನು ಅಲ್ಲಿಗೆ ಸಾಗಿಸಿ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಖರ್ಚೂ ಇಲ್ಲ.

ಹಂತ 2. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು, ದಿಂಬಿನ ಹತ್ತಿರ ಇಟ್ಟು, ಕಿಟಕಿ ಮುಚ್ಚಿ ಅಳೆದು ಬರೆದಿಡಿ. ಫೋನ್ ತೋರಿಸುವ ಸಂಖ್ಯೆ ಪಕ್ಕಾ ಇರುವುದಿಲ್ಲ, ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಹೋಲಿಸಿ ನೋಡಲು ಸಾಕು. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧದಷ್ಟಾದಂತೆ ಕೇಳುತ್ತದೆ.

ಹಂತ 3, ಸಂದು ಹುಡುಕುವುದು. ಇಲ್ಲಿ ಅವಸರ ಬೇಡ. ಗೋಡೆಯ ವಿಸ್ತೀರ್ಣದಲ್ಲಿ ಶೇ 1ರಷ್ಟು ಜಾಗ ತೆರೆದಿದ್ದರೂ ಸಾಕು, ಉಳಿದದ್ದು ಎಷ್ಟೇ ಗಟ್ಟಿಯಿರಲಿ, ಒಟ್ಟು ತಡೆ ಸುಮಾರು 20 ಡೆಸಿಬಲ್‌ಗೆ ನಿಂತುಬಿಡುತ್ತದೆ. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಒಬ್ಬರು ಕಿಟಕಿಯ ಅಂಚಿನುದ್ದಕ್ಕೂ ನಿಧಾನವಾಗಿ ಟಾರ್ಚ್ ಹಾಯಿಸಲಿ, ಬೆಳಕು ಕಾಣುವ ಕಡೆಯೆಲ್ಲ ನೀವು ಒಳಗಿನಿಂದ ಪೆನ್ಸಿಲ್ ಗುರುತು ಹಾಕಿ. ಮೇಲಿನ ಮಹಡಿಯಾದರೆ ಹೊರಗೆ ನೇತಾಡಲು ಹೋಗಬೇಡಿ, ಕಾಗದದ ಪಟ್ಟಿ ಸಾಕು. ಪಟ್ಟಿಯನ್ನು ಚೌಕಟ್ಟಿನ ಮೇಲಿಟ್ಟು ಕಿಟಕಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ಗೇಣಿಗೊಂದು ಕಡೆಯಂತೆ ಸುತ್ತಲೂ ಹೀಗೆ ನೋಡಿ. ಚೌಕಟ್ಟು ಗೋಡೆಗೆ ಸೇರುವ ಗೆರೆ, ಎಸಿ ಪೈಪಿನ ತೂತು, ಕೇಬಲ್ ತೂತು, ರಸ್ತೆ ಕಡೆಯ ಬಾಗಿಲಿನ ಬುಡ, ಇವನ್ನು ಮರೆಯಬೇಡಿ.

ಹಂತ 4, ಮುಚ್ಚುವುದು. ಹೆಚ್ಚಿನವರು ಎಡವುವುದು ಇಲ್ಲೇ. ಅಲುಗಾಡದ ಸಂದಿಗೆ ಸೀಲಂಟ್ (ಸಂದು ತುಂಬುವ ಅಂಟು), ತೆರೆದು ಮುಚ್ಚುವ ಕಡೆಗೆ ರಬ್ಬರ್ ಪಟ್ಟಿ.

ಸೀಲಂಟ್ ಹಾಕುವ ಮುಂಚೆ ಹಳೆಯ ಪುಟ್ಟಿ, ಧೂಳು ಎಲ್ಲ ಕೆರೆದು ತೆಗೆದು, ಒರೆಸಿ, ಪೂರ್ತಿ ಒಣಗಲು ಬಿಡಿ. ಧೂಳಿನ ಮೇಲೆ ಹಾಕಿದರೆ ಸ್ವಲ್ಪ ದಿನಕ್ಕೆ ಸಿಪ್ಪೆಯಂತೆ ಎದ್ದು ಬರುತ್ತದೆ. ಸಂದು ಆಳವಾಗಿದ್ದರೆ ಮೊದಲು ಫೋಮ್ ಹಗ್ಗ ತುರುಕಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೀಲಂಟ್ ಎಳೆದು, ಒದ್ದೆ ಬೆರಳಿನಿಂದ ಒತ್ತಿ ಸವರಿ, ಅದು ಗಟ್ಟಿಯಾಗುವ ಮೊದಲೇ ಟೇಪ್ ಕಿತ್ತುಬಿಡಿ. ಒಣಗಿದ ಮೇಲೂ ಮೃದುವಾಗಿ ಉಳಿಯುವ ಸೀಲಂಟನ್ನೇ ತನ್ನಿ. ಸಿಮೆಂಟ್, ಪುಟ್ಟಿ ಬೇಡ, ಚೌಕಟ್ಟು ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಅವು ಬಿರುಕು ಬಿಡುತ್ತವೆ. ಡಬ್ಬಿಯಿಂದ ಉಬ್ಬಿ ಬರುವ ಫೋಮ್ ಒಂದನ್ನೇ ನಂಬುವುದು ಕೂಡ ಬೇಡ, ಅದು ತೀರಾ ಹಗುರ.

ರಬ್ಬರ್ ಪಟ್ಟಿಯ ದಪ್ಪವನ್ನು ಅಂದಾಜಿನಲ್ಲಿ ತರಬೇಡಿ. ಮಕ್ಕಳು ಆಡುವ ಕ್ಲೇಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಚೌಕಟ್ಟಿನ ಮೇಲಿಟ್ಟು, ಕಿಟಕಿ ಮುಚ್ಚಿ ಚಿಲಕ ಹಾಕಿ, ತೆಗೆದು ನೋಡಿ. ಚಪ್ಪಟೆಯಾದ ಕ್ಲೇಯ ದಪ್ಪವೇ ನಿಮ್ಮ ಸಂದಿನ ಅಳತೆ. ಮೇಲೆ, ಕೆಳಗೆ, ಕೀಲಿನ ಪಕ್ಕ, ಚಿಲಕದ ಪಕ್ಕ, ಎಲ್ಲ ಕಡೆ ಒಂದೇ ಇರುವುದಿಲ್ಲ. ಪಟ್ಟಿ ಅದಕ್ಕಿಂತ ಸ್ವಲ್ಪವೇ ದಪ್ಪ ಇರಲಿ. ತುಂಬ ದಪ್ಪದ್ದು ಹಾಕಿದರೆ ಚಿಲಕ ಕೂರುವುದಿಲ್ಲ, ಬಲವಂತವಾಗಿ ಹಾಕಿದರೆ ಮೂಲೆ ಎದ್ದು ಮೊದಲಿಗಿಂತ ದೊಡ್ಡ ಸಂದಾಗುತ್ತದೆ. ಅಂಟಿಸುವಾಗ ಪಟ್ಟಿಯನ್ನು ಎಳೆಯಬೇಡಿ, ಆಮೇಲೆ ಅದು ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಇಪಿಡಿಎಂ ಎಂಬ ಕೃತಕ ರಬ್ಬರನ್ನೇ ಕೇಳಿ ತನ್ನಿ. ಬಿಳಿ ಸ್ಪಂಜಿನ ಪಟ್ಟಿ ಬೇಗ ಚಪ್ಪಟೆಯಾಗಿ ಹಾಗೇ ಕೂತುಬಿಡುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ. ಎಲ್ಲ ಆದ ಮೇಲೆ ಮತ್ತೆ ಕಾಗದದ ಪಟ್ಟಿ ಎಳೆದು ನೋಡಿ.

ಜಾರುವ ಕಿಟಕಿಯಲ್ಲಿ ಈ ಕೆಲಸ ಅರ್ಧಂಬರ್ಧವೇ ಆಗುತ್ತದೆ, ಅದರ ಬ್ರಷ್ ಪಟ್ಟಿ ಗಾಳಿಯನ್ನೇ ಪೂರ್ತಿ ತಡೆಯುವುದಿಲ್ಲ, ಇನ್ನು ಸದ್ದನ್ನು ಎಲ್ಲಿ ತಡೆದೀತು? ಅಂಥವರು ನೇರ ಮುಂದಿನ ಹಂತಕ್ಕೆ ಬನ್ನಿ.

ಹಂತ 5. ಸಂದು ಮುಚ್ಚಿದ ಮೇಲೂ ಬಸ್ಸು, ಲಾರಿಯ ಗುಡುಗುಡು ಉಳಿದರೆ ಒಳಬದಿಗೆ ಇನ್ನೊಂದು ಕಿಟಕಿ ಹಾಕಿಸಿ. ಎರಡರ ನಡುವೆ 100 ಮಿಲಿಮೀಟರ್ ಅಥವಾ ಜಾಸ್ತಿ ಅಂತರ ಇರಲಿ. ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ, ಒಂದೇ ದಪ್ಪವಾದರೆ ಎರಡೂ ಒಂದೇ ಸದ್ದಿಗೆ ಸೋಲುತ್ತವೆ. ಲ್ಯಾಮಿನೇಟೆಡ್ ಗಾಜಾದರೆ (ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು) ಇನ್ನೂ ಒಳ್ಳೆಯದು. ಡಬಲ್ ಗ್ಲಾಸ್ ಕಿಟಕಿ ಅಂತ ಮಾರುವವುಗಳಲ್ಲಿ ಸಾಮಾನ್ಯವಾಗಿ ಅಂತರ ತುಂಬ ಕಡಿಮೆ, ಅವು ಮುಖ್ಯವಾಗಿ ಬಿಸಿ, ಚಳಿ ತಡೆಯಲು ಮಾಡಿದವು. ದಪ್ಪ ಪರದೆ ಚೆಂದಕ್ಕೆ ಹಾಕಿಕೊಳ್ಳಿ, ಸದ್ದಿಗಾಗಿ ಬೇಡ.

ಕೆಲಸ ಮುಗಿಯುವವರೆಗೆ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಬಹುದು. ಸುಮ್ನೆ ಕಿವಿಗೆ ತುರುಕಿದರೆ ಆಗುವುದಿಲ್ಲ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಹಿಡಿದಿರಿ.

ಹಂತ 6, ಗಾಳಿ. ಕೋಣೆಯನ್ನು ಪೂರ್ತಿ ಬಿಗಿದು ಮಲಗಬೇಡಿ. ಗಾಳಿ ರಸ್ತೆಯಿಲ್ಲದ ಕಡೆಯಿಂದ ಬರಲಿ, ಅದಕ್ಕಾಗಿ ಒಳಬಾಗಿಲು ಸ್ವಲ್ಪ ತೆರೆದಿಡಿ. ಕೋಣೆಯಲ್ಲಿ ಗ್ಯಾಸ್ ಹೀಟರ್ ಅಥವಾ ಉರಿಯುವಂಥದ್ದು ಏನಾದರೂ ಇದ್ದರೆ ಮೊದಲು ಅದನ್ನು ಹೊರಗೆ ಹಾಕಿ, ಆಮೇಲೆ ಸೀಲಂಟ್ ಕೈಗೆ ತೆಗೆದುಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಉರಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ಗೊತ್ತೇ ಆಗುವುದಿಲ್ಲ, ಅದಕ್ಕೆ ವಾಸನೆಯೂ ಇರುವುದಿಲ್ಲ.