ಫಿಶ್ ಟ್ಯಾಂಕ್ ಪೈಪ್ ಸೋರದಂತೆ ಜೋಡಿಸುವುದು ಹೇಗೆ

ಕೊಡಗಿನಲ್ಲಿ ಪೈಪ್ ಕೆಲಸ ಗೊತ್ತಿಲ್ಲದವರು ಕಡಿಮೆ. ಕಾಫಿ ಹೂ ಬಿಡಿಸಲು ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪೈಪ್ ಹೊತ್ತು ತಿರುಗಿ ಕೈ ಪಳಗಿರುತ್ತದೆ. ಆದರೆ ತೋಟದಲ್ಲಿ ಜಾಯಿಂಟ್ ಸೋರಿದರೆ ನೀರು ಗಿಡಕ್ಕೇ ಹೋಗುತ್ತದೆ, ಮನೆಯೊಳಗೆ ಹಾಗಲ್ಲ ಅಲ್ವಾ? 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಅಂದರೆ ಸುಮಾರು 250 ಲೀಟರ್ ನೀರು. ನಾನು ಮೊದಲ ಸಲ ಕೆಳಗೆ ಸಂಪ್ (ಟ್ಯಾಂಕ್ ನೀರು ಇಳಿದು, ಪಂಪ್‌ನಿಂದ ಮತ್ತೆ ಮೇಲೆ ಹೋಗುವ ಇನ್ನೊಂದು ತೊಟ್ಟಿ) ಇಟ್ಟು ಪೈಪ್ ಹಾಕಿದ ಮಾರನೇ ಬೆಳಗ್ಗೆ, ರೆಡ್ ಆಕ್ಸೈಡ್ ನೆಲದ ಮೇಲೆ ಕಾಲಿಟ್ಟರೆ ಪಚಪಚ. ತಪ್ಪು ನನ್ನದೇ. ಸೋರೀತು ಅನ್ನೋ ಭಯಕ್ಕೆ ಎಲ್ಲ ಕಡೆ ಸಿಲಿಕೋನ್ ಮೆತ್ತಿ, ಸ್ಪ್ಯಾನರ್ ಹಾಕಿ ತಿರುಪಿದ್ದೆ.

ಜಾಸ್ತಿ ಸೋರುವುದು ಗಾಜಿನ ತೂತಿಗೆ ಹಾಕುವ ಟ್ಯಾಂಕ್ ನಿಪ್ಪಲ್ ಹತ್ತಿರ. ಅಗಲವಾದ ತಲೆ ಟ್ಯಾಂಕ್ ಒಳಗೆ, ನಟ್ ಹೊರಗೆ, ರಬ್ಬರ್ ವಾಷರ್ ತಲೆಗೂ ಗಾಜಿಗೂ ನಡುವೆ. ಬರೀ ನಟ್ ಕಡೆ ವಾಷರ್ ಹಾಕಿದರೆ ನೀರು ಥ್ರೆಡ್ ಹಿಡಿದು ಸುತ್ತಿ ಸುತ್ತಿ ಹೊರಗೆ ಬರುತ್ತದೆ. ವಾಷರ್‌ಗೆ ಸಿಲಿಕೋನ್ ಹಚ್ಚಬೇಡಿ, ಬಿಗಿ ಮಾಡುವಾಗ ಅದು ಜಾರಿ ಪಕ್ಕಕ್ಕೆ ಹೋಗುತ್ತದೆ. ಈ ಥ್ರೆಡ್‌ಗೆ ಟೇಪೂ ಬೇಡ. ಗಾಜು ಒರೆಸಿ, ಕೈಯಲ್ಲಿ ಆಗುವಷ್ಟು ಬಿಗಿ ಮಾಡಿ, ಆಮೇಲೆ ಕಾಲು ಸುತ್ತು, ಸಾಕು. ವಾಷರ್ ಉಬ್ಬಿ ತಲೆಯ ಅಂಚಿನಿಂದ ಇಣುಕಿದರೆ ಜಾಸ್ತಿ ಆಯಿತು ಅಂತ ಲೆಕ್ಕ.

ಟೆಫ್ಲಾನ್ ಟೇಪ್ ಬೇಕಾದ್ದು ವಾಲ್ವ್‌ಗೆ ತಿರುಗಿಸಿ ಹಾಕುವ ಎಂಟಿಎ (ಹೊರಗೆ ಥ್ರೆಡ್ ಇರುವ ಅಡಾಪ್ಟರ್) ತರಹದ ಥ್ರೆಡ್ ಜಾಯಿಂಟ್‌ಗೆ, ಅದೂ ಹೊರ ಥ್ರೆಡ್‌ಗೆ ಮಾತ್ರ. ಥ್ರೆಡ್‌ನ ಬಾಯಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಎಳೆದು ಹಿಡಿದು 4–5 ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ಫಿಟ್ಟಿಂಗ್ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಮುದ್ದೆ ಆಗುತ್ತದೆ. ಇಲ್ಲೂ ಸ್ಪ್ಯಾನರ್‌ನ ಶೌರ್ಯ ಬೇಡ, ಪ್ಲಾಸ್ಟಿಕ್‌ನ ಒಳ ಥ್ರೆಡ್ ಕೂದಲೆಳೆಯಷ್ಟು ಸೀಳಿದರೂ ಯಾವ ಟೇಪೂ ಅದನ್ನು ನಿಲ್ಲಿಸುವುದಿಲ್ಲ. ಬೇಕಾದಾಗ ಬಿಚ್ಚಿ ಜೋಡಿಸುವ ಯೂನಿಯನ್ ಜಾಯಿಂಟ್ ಒಳಗೆ ರಬ್ಬರ್ ರಿಂಗ್ ಇರುತ್ತದೆ, ಅದಕ್ಕೆ ಟೇಪ್ ಬೇಕಿಲ್ಲ. ಕೆಲವರು ನೂಲು ಸುತ್ತಿ ಪೇಂಟ್ ಹಚ್ಚುತ್ತಾರೆ, ಮೀನಿನ ನೀರಿಗೆ ಅದು ಬೇಡವೇ ಬೇಡ. ಸಿಗಡಿ, ಬಸವನ ಹುಳ ಸಾಕುವವರು ಹಿತ್ತಾಳೆ ಫಿಟ್ಟಿಂಗೂ ಬಿಡಿ, ಅದರ ತಾಮ್ರ ಅವಕ್ಕೆ ವಿಷ.

ಪಿವಿಸಿ ಸಲ್ಯೂಷನ್ (ಪೈಪ್ ಅಂಟು) ಜಾಯಿಂಟ್‌ಗೆ ಪೈಪನ್ನು ನೇರವಾಗಿ ಕೊಯ್ದು ಅಂಚಿನ ಚೂರು ಉಪ್ಪುಕಾಗದದಲ್ಲಿ ತೆಗೆಯಿರಿ. ಎರಡೂ ಕಡೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುವುತ್ತಾ ತಳ ಮುಟ್ಟುವವರೆಗೆ ತಳ್ಳಿ, ಅರ್ಧ ನಿಮಿಷ ಹಾಗೇ ಒತ್ತಿ ಹಿಡಿಯಿರಿ, ಬಿಟ್ಟರೆ ಪೈಪ್ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ನಮ್ಮ ಜುಲೈ ಮಳೆಯಲ್ಲಿ ಪೈಪ್ ಮುಟ್ಟಿದರೇ ಥಂಡಿ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸದೆ ಹಚ್ಚಬೇಡಿ. ಹಾಗಂತ ಒಲೆ ಹತ್ತಿರ ಕೂತು ಒಣಗಿಸುತ್ತಾ ಈ ಕೆಲಸ ಮಾಡಬೇಡಿ, ಸಲ್ಯೂಷನ್ ಸಟ್ಟನೆ ಬೆಂಕಿ ಹಿಡಿಯುತ್ತದೆ. ಮಳೆಗಾಲದಲ್ಲಿ ನಾನು ಎರಡು ದಿನ ಬಿಟ್ಟೇ ನೀರು ತುಂಬುವುದು.

ಸಿಲಿಕೋನ್ ಗಾಜಿಗೆ ಗಾಜು ಅಂಟಿಸಲು ಇರುವುದು, ಪಿವಿಸಿಗೆ ಸರಿಯಾಗಿ ಹಿಡಿಯುವುದಿಲ್ಲ. ಟ್ಯಾಂಕ್‌ನಲ್ಲಿ ಬೇರೆಲ್ಲಾದರೂ ಬೇಕಾದರೆ ಬಚ್ಚಲು ಮನೆಗೆ ಅಂತ ಮಾರುವ, ಬೂಷ್ಟು ಹಿಡಿಯದ ಬಗೆಯದು ತರಬೇಡಿ, ಅದರಲ್ಲಿ ಮೀನಿಗೆ ಆಗದ ಮದ್ದು ಇರುತ್ತದೆ.

ಈಗ ಪರೀಕ್ಷೆ. ಮೀನು ಬಿಡುವ ಮೊದಲು ಬರೀ ನೀರಲ್ಲಿ ಒಂದು ದಿನ ಪಂಪ್ ಓಡಲಿ. ಮಳೆಗಾಲದಲ್ಲಿ ಮುಚ್ಚಳದ ಅಡಿ ಕಟ್ಟಿದ ಹನಿಯೂ ಪೈಪ್ ಹಿಡಿದು ಇಳಿಯುತ್ತದೆ, ಸುಮ್ನೆ ಸೋರಿಕೆ ಅಂತ ಗಾಬರಿ ಆಗುತ್ತೇವೆ. ಪ್ರತಿ ಜಾಯಿಂಟ್‌ಗೂ ಟಿಶ್ಯೂ ಪೇಪರ್ ಸುತ್ತಿಡಿ. ನೀರು ಕೆಳಗಿಳಿದು ಎಲ್ಲವನ್ನೂ ನೆನೆಸುತ್ತದೆ, ಹಾಗಾಗಿ ಎಲ್ಲಕ್ಕಿಂತ ಮೇಲೆ ಒದ್ದೆಯಾದದ್ದೇ ಕಳ್ಳ.

ಕೊನೆಗೆ ಬೇಕೆಂದೇ ಪಂಪ್ ಆಫ್ ಮಾಡಿ ನೋಡಿ. ಗಾಳಿಮಳೆಗೆ ಕರೆಂಟ್ ಹೋಗುವ ಊರು ನಮ್ಮದು, ಪಂಪ್ ನಿಂತರೆ ನೀರು ಸಂಪ್‌ಗೆ ವಾಪಸ್ ಇಳಿಯುತ್ತದೆ. ಸಂಪ್ ಉಕ್ಕಿದರೆ ಜಾಯಿಂಟ್ ಎಷ್ಟು ಗಟ್ಟಿ ಇದ್ದರೂ ನೆಲ ಒದ್ದೆಯೇ. ಹಾಗೆ ಉಕ್ಕಿದರೆ, ಪಂಪ್‌ನಿಂದ ಮೇಲೆ ಬರುವ ಪೈಪಿನ ಬಾಯನ್ನು ಟ್ಯಾಂಕ್‌ನ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಇಟ್ಟು, ಮತ್ತೊಮ್ಮೆ ಆಫ್ ಮಾಡಿ ನೋಡಿ.