ಅಮೆರಿಕದ ಗನ್ ಲೆಕ್ಕವನ್ನು ಓದುವುದು ಹೇಗೆ?

ಅಮೆರಿಕದಲ್ಲಿ ಎಲ್ಲೋ ಗುಂಡು ಹಾರಿದ ಸುದ್ದಿ ಬಂದ ಕೂಡಲೇ ಅಲ್ಲಿರುವ ಮಗನಿಗೋ ಮಗಳಿಗೋ ಫೋನ್ ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಅಂಕಿಗಳು ಬರಲು ಶುರು. ಗನ್ ನಿಯಂತ್ರಣ ಬೇಕು ಅನ್ನುವವರದ್ದು ಒಂದು ಲೆಕ್ಕ, ಬೇಡ ಅನ್ನುವವರದ್ದು ಇನ್ನೊಂದು. ಯಾವುದನ್ನೂ ಫಾರ್ವರ್ಡ್ ಮಾಡುವ ಮುಂಚೆ ಹೀಗೆ ಮಾಡಿ.

ಮೊದಲು, ಒಟ್ಟು ಸಂಖ್ಯೆಯನ್ನು ಬಿಡಿಸಿ ನೋಡಿ. 2021ರಲ್ಲಿ ಅಲ್ಲಿ ಗುಂಡೇಟಿಗೆ ಸತ್ತವರು 48,830 ಜನ. ಇದನ್ನು ಓದಿದರೆ ಕಣ್ಣ ಮುಂದೆ ಬರುವುದು ಶಾಲೆ, ಮಾಲ್, ದರೋಡೆ, ಅಲ್ವಾ? ಆದರೆ ಅದರಲ್ಲಿ 26,328 ಆತ್ಮಹತ್ಯೆ, 20,958 ಕೊಲೆ. ಅರ್ಧಕ್ಕಿಂತ ಜಾಸ್ತಿ ಸಾವು ಆತ್ಮಹತ್ಯೆಯದ್ದು, ಮತ್ತು ಚರ್ಚೆಯಲ್ಲಿ ಅವರ ಮಾತೇ ಬರುವುದಿಲ್ಲ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

ಅನುಪಾತ ಕಂಡರೂ ಇದೇ ಕೆಲಸ ಮಾಡಿ. 'ಮನೆಯಲ್ಲಿ ಗನ್ ಇಟ್ಟರೆ, ಸಾಯುವ ಒಬ್ಬ ಕಳ್ಳನಿಗೆ ಮನೆಯವರು 43 ಜನ ಸಾಯುತ್ತಾರೆ' ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ಇದರ ಮೂಲ 1986ರ ಒಂದು ಅಧ್ಯಯನ, ನಮ್ಮ ಎಷ್ಟೋ ಸಾಫ್ಟ್‌ವೇರ್ ಹುಡುಗರು ಇರುವ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯದ್ದು. ಗನ್ ಇದ್ದ ಮನೆಗಳಲ್ಲಿ ಗುಂಡಿನಿಂದಾದ 398 ಸಾವುಗಳನ್ನು ಅಲ್ಲಿ ಲೆಕ್ಕ ಹಾಕಿದ್ದರು. ಆತ್ಮರಕ್ಷಣೆಗೆ ಗುಂಡು ಹಾರಿಸಿ ಕೊಂದದ್ದು 9. ಆತ್ಮಹತ್ಯೆ 333! ಅಂದರೆ ಆತ್ಮರಕ್ಷಣೆಯ ಒಂದೊಂದು ಸಾವಿಗೆ 37 ಆತ್ಮಹತ್ಯೆ, ಆ 43ರಲ್ಲಿ 37 ಇದರದ್ದೇ. ಗನ್ ನೋಡಿ ಕಳ್ಳ ಸುಮ್ನೆ ಓಡಿಹೋಗಿದ್ದರೆ ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಯಾಕೆಂದರೆ ಎಣಿಸಿದ್ದು ಸಾವನ್ನು ಮಾತ್ರ. ಗನ್ ಇರುವ ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಅದನ್ನು ಬೀಗ ಹಾಕಿಡಿ, ಆಗದಿದ್ದರೆ ಮನೆಯಿಂದಾಚೆ ಕಳಿಸಿ ಅನ್ನುವುದು ಈ ಅಂಕಿಯಿಂದ ನಾನು ಕಲಿತದ್ದು. ಆ ಮಾತನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಗನ್ ನಿಯಂತ್ರಣ ಬೇಡ ಅನ್ನುವ ಆಚೆ ಕಡೆಯವರ ಅಂಕಿಯನ್ನೂ ಇಷ್ಟೇ ಗಟ್ಟಿಯಾಗಿ ಹಿಡಿದು ಕೇಳಿ. ವರ್ಷಕ್ಕೆ 25 ಲಕ್ಷ ಸಲ ಅಮೆರಿಕನ್ನರು ಗನ್‌ನಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ ಎಂದು 1995ರಲ್ಲಿ ಅಪರಾಧಶಾಸ್ತ್ರಜ್ಞರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಜ್ ಬರೆದರು. ಅವರು ಫೋನ್‌ನಲ್ಲಿ ಮಾತಾಡಿಸಿದ್ದು ಸುಮಾರು 5,000 ಜನರನ್ನು. ಹೋದ ಒಂದು ವರ್ಷದಲ್ಲಿ ಗನ್‌ನಿಂದ ಕಾಪಾಡಿಕೊಂಡದ್ದು ಹೌದು ಅಂದವರು ಶೇ 1.3ರಷ್ಟು. ಅದನ್ನೇ ದೇಶದ ಎಲ್ಲ ವಯಸ್ಕರಿಗೂ ಹಿಗ್ಗಿಸಿದರು. ಇಷ್ಟು ಅಪರೂಪದ ಸಂಗತಿ ಕೇಳುವಾಗ ನೂರಕ್ಕೆ ಒಬ್ಬರು ಎರಡು ವರ್ಷದ ಹಿಂದಿನದ್ದನ್ನು ಹೋದ ವರ್ಷದ್ದು ಅಂತ ಹೇಳಿದರೂ ಸಾಕು, ಉತ್ತರ ಹತ್ತಾರು ಲಕ್ಷ ಏರಿಬಿಡುತ್ತದೆ. ಸರ್ಕಾರದ ಅಪರಾಧ ಸಮೀಕ್ಷೆಯಲ್ಲಿ ಇದೇ ಸಂಖ್ಯೆ ಲಕ್ಷದ ಆಸುಪಾಸಿನಲ್ಲಿದೆ.

ವರ್ಷ ವರ್ಷ ಹೋಲಿಸುವಾಗ ಜನಸಂಖ್ಯೆ ಮರೆಯಬೇಡಿ. 2021ರ ಸಾವಿನ ಸಂಖ್ಯೆ ಅಲ್ಲಿವರೆಗಿನ ದಾಖಲೆ. ಆದರೆ ಲಕ್ಷ ಜನರಿಗೆ ಎಷ್ಟು ಅಂತ ನೋಡಿದರೆ 14.6, 1974ರಲ್ಲಿ ಅದು 16.3 ಇತ್ತು.

ಕೊನೆಗೆ, ಪದದ ಅರ್ಥ ಕೇಳಿ. 2021ರಲ್ಲಿ 'ಆ್ಯಕ್ಟಿವ್ ಶೂಟರ್' ಘಟನೆ 61 ಎಂದು ಎಫ್‌ಬಿಐ ಹೇಳಿದರೆ, 'ಮಾಸ್ ಶೂಟಿಂಗ್' ಸುಮಾರು 690 ಎಂದು ಗುಂಡಿನ ಘಟನೆಗಳನ್ನು ಎಣಿಸುವ ಗನ್ ವಯಲೆನ್ಸ್ ಆರ್ಕೈವ್ ಅನ್ನುವ ಸಂಸ್ಥೆ ಹೇಳುತ್ತದೆ. ಎರಡೂ ನಿಜ. ಎಫ್‌ಬಿಐ ಎಣಿಸುವುದು ಜನರಿರುವ ಕಡೆ ಗುಂಡು ಹಾರಿಸಿ ಕೊಲ್ಲಲು ಹೊರಟ ಘಟನೆಗಳನ್ನು, ಗ್ಯಾಂಗ್ ಜಗಳ, ಮನೆಯೊಳಗಿನ ಜಗಳಗಳನ್ನು ಬಿಡುತ್ತದೆ. ಆರ್ಕೈವ್‌ನವರು ಗುಂಡು ಹಾರಿಸಿದವನನ್ನು ಬಿಟ್ಟು ನಾಲ್ವರಿಗೆ ಗುಂಡು ತಗುಲಿದ್ದರೆ, ಯಾರೂ ಸಾಯದಿದ್ದರೂ ಸೇರಿಸುತ್ತಾರೆ. ಮಗಳು ಇರುವ ಊರಿನ ಹೆಸರು ಪಟ್ಟಿಯಲ್ಲಿ ಕಂಡರೆ ಅದು ಇವೆರಡರಲ್ಲಿ ಯಾವ ಪಟ್ಟಿ ಅಂತ ಮೊದಲು ನೋಡಿಕೊಳ್ಳಿ, ಆಮೇಲೆ ಫೋನ್ ಮಾಡಿ.