ಸೈರನ್ ಹೊಸದು, ಆದರೆ ಕೆಲಸವೆಲ್ಲ ತಂತಿಯದು

ನಮ್ಮ ಕಾರಿನ ಅಲಾರಂ ಸೈರನ್ ಈ ಮಳೆಗಾಲದಲ್ಲಿ ಗಂಟಲು ಕಟ್ಟಿದವರಂತೆ ಕೂಗಲು ಶುರುಮಾಡಿತು, ಕೊನೆಗೆ ಪೂರ್ತಿ ಮೌನವಾಯಿತು. ಹೊಸದನ್ನು ಕೊಳ್ಳುವ ಮೊದಲು ದೋಷ ಎಲ್ಲಿದೆ ಎಂದು ನೋಡಿದೆ. ವಿದ್ಯುತ್ ಅಳೆಯುವ ಮಲ್ಟಿಮೀಟರಿನ ಕಪ್ಪು ಮೊನೆಯನ್ನು ಸೈರನ್ನಿನ ನೆಗೆಟಿವ್ ತಂತಿಗೆ, ಕೆಂಪು ಮೊನೆಯನ್ನು ಸೈರನ್ನಿನ ಪಾಸಿಟಿವ್ ತಂತಿಗೆ ಹಿಡಿದು ರಿಮೋಟ್‌ನಿಂದ ಅಲಾರಂ ಮೊಳಗಿಸಿದಾಗ 12 ವೋಲ್ಟ್ ಬಂತು. ವಿದ್ಯುತ್ ತಲುಪುತ್ತಿದೆ, ಸದ್ದಿಲ್ಲ. ಹಾಗಾದರೆ ಕೆಟ್ಟಿರುವುದು ಸೈರನ್ನೇ. ಬಾಯಿ ಮೇಲ್ಮುಖವಾಗಿದ್ದುದರಿಂದ ಒಳಗೆ ನೀರು ನಿಂತು ತುಕ್ಕು ಹಿಡಿದಿತ್ತು.

ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಂಡದ್ದು ಅದಕ್ಕಿಂತ ಗಂಭೀರ. ಹಿಂದೆ ಯಾರೋ ಅಲಾರಂ ಕೂರಿಸುವಾಗ ಬ್ಯಾಟರಿಯಿಂದ ನೇರವಾಗಿ ತಂತಿ ಎಳೆದಿದ್ದರು. ಫ್ಯೂಸ್ ಇಲ್ಲ, ಕೊಳವೆ ಇಲ್ಲ, ಜೋಡಣೆಗಳಿಗೆ ಬರೀ ಟೇಪು. ನಮ್ಮ ಮನೆ ಮಂಡ್ಯದ ಹೊರವಲಯದಲ್ಲಿದೆ, ಕಾಂಪೌಂಡಿನಾಚೆ ಕಬ್ಬಿನ ಗದ್ದೆ. ಕಟಾವಾದ ಮೇಲೆ ನೆಲೆ ತಪ್ಪಿದ ಇಲಿಗಳು ಬೆಚ್ಚಗಿನ ಎಂಜಿನ್ನಿನ ಬಳಿಗೆ ಬರುತ್ತವೆ, ಸಿಕ್ಕ ತಂತಿಯನ್ನು ಕಡಿಯುತ್ತವೆ. ಹೀಗೆ ಸಿಪ್ಪೆ ಹೋದ ಪಾಸಿಟಿವ್ ತಂತಿ ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಹರಿಸುತ್ತದೆ. ತಂತಿ ಕೆಂಪಾಗಿ ಕಾದು ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ಬಿಡಿಭಾಗ ತರಲು ಹೋದಾಗ ಅಂಗಡಿಯವರು, ‘ಸೈರನ್ನಿಗೆ ಫ್ಯೂಸ್ ಯಾಕೆ ಸ್ವಾಮಿ, ಸುಟ್ಟರೆ ಇನ್ನೊಂದು ಹಾಕಿದರಾಯಿತು’ ಎಂದರು. ಫ್ಯೂಸ್ ಇರುವುದು ಸೈರನ್ನನ್ನು ಉಳಿಸಲು ಅಲ್ಲ, ತಂತಿಯನ್ನು ಉಳಿಸಲು. ಆದ್ದರಿಂದ ಅದರ ಜಾಗ ಬ್ಯಾಟರಿಯ ಪಕ್ಕದಲ್ಲೇ. ಸೈರನ್ ಹತ್ತಿರ ಹಾಕಿದರೆ ನಡುವಿನ ಅಷ್ಟೂ ತಂತಿಗೆ ರಕ್ಷಣೆ ಇಲ್ಲ. ನಾನು ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ನೀರು ಹೋಗದ ಹೋಲ್ಡರಿನಲ್ಲಿ ಕೂರಿಸಿದೆ. ಸೈರನ್ 20 ವಾಟ್, ಅಂದರೆ 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್. 5 ಆಂಪಿಯರ್ ಫ್ಯೂಸ್, 1 ಚದರ ಮಿಲಿಮೀಟರ್ ತಾಮ್ರದ ತಂತಿ ಧಾರಾಳವಾಯಿತು.

ಕೆಲಸಕ್ಕೆ ಕೈಹಾಕುವ ಮೊದಲು 10 ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ಕಳಚಿದೆ. ಮೊದಲು ನೆಗೆಟಿವ್ಅನ್ನೇ ತೆಗೆಯಬೇಕು. ಕಾರಿನ ಬಾಡಿ ನೆಗೆಟಿವ್‌ಗೆ ಸೇರಿರುತ್ತದೆ, ಅದನ್ನು ಕಳಚದೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಒಳಗೇ ಪುಟ್ಟ ಬ್ಯಾಟರಿ ಇರುವ ಸೈರನ್ನುಗಳೂ ಇವೆ. ಅವನ್ನು ಮೊದಲು ಅವುಗಳದೇ ಕೀಲಿಯಿಂದ ನಿಲ್ಲಿಸದಿದ್ದರೆ ನೆಗೆಟಿವ್ ಕಳಚಿದ ಕೂಡಲೇ ಕೂಗಿಕೊಳ್ಳುತ್ತವೆ. ನನ್ನದು ಎರಡೇ ತಂತಿಯ ಸರಳ ಮಾದರಿ.

ಅಲಾರಂ ಪೆಟ್ಟಿಗೆಯ ಮೇಲೆ ಭಾರ ಬೀಳದಿರಲೆಂದು ನಡುವೆ ರಿಲೇ, ಅಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಸುವ ಸ್ವಿಚ್, ಹಾಕಿದೆ. ಅದರ ಕಾಲುಗಳಿಗೆ ನಂಬರುಗಳಿರುತ್ತವೆ: ಫ್ಯೂಸ್ ದಾಟಿ ಬಂದ ತಂತಿ 30ಕ್ಕೆ, ಸೈರನ್ನಿನ ಕೆಂಪು 87ಕ್ಕೆ, ಅಲಾರಂನಿಂದ ಬರುವ ಪಾಸಿಟಿವ್ ಸಂಕೇತ 86ಕ್ಕೆ, 85 ಬಾಡಿಗೆ. 85 ಮತ್ತು 86ರ ನಡುವೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್, ಗೆರೆಯಿರುವ ತುದಿ 86ರ ಕಡೆಗೆ. ರಿಲೇ ಬಿಡುವಾಗ ಅದರ ಕಾಯಿಲ್‌ನಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜ್ ಅಲಾರಂ ಪೆಟ್ಟಿಗೆಯನ್ನು ಹಾಳುಮಾಡದಂತೆ ಅದು ತಡೆಯುತ್ತದೆ. ಸೈರನ್ನಿನ ಕಪ್ಪು ತಂತಿಯನ್ನು ಬಣ್ಣ ಕೆರೆದ ಬಾಡಿ ಬೋಲ್ಟಿಗೆ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಜೋಡಣೆಗಳನ್ನೆಲ್ಲ ಲೋಹದ ತೊಡರಿನಲ್ಲಿ ಒತ್ತಿ ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗುವ ತೋಳು ತೊಡಿಸಿ, ಸುಕ್ಕು ಕೊಳವೆಯೊಳಗೆ ಸೇರಿಸಿದೆ. ಕೊಳವೆ ಇಲಿಯನ್ನು ಪೂರ್ತಿ ತಡೆಯದು. ತಡೆ ಮೀರಿದಾಗ ಕಾಯುವುದು ಫ್ಯೂಸ್.

ಸೈರನ್ನಿನ ಬಾಯಿ ಈಗ ಕೆಳಮುಖ. ಸೈಲೆನ್ಸರ್ ಪೈಪಿನ ಬಿಸಿಯಿಂದಲೂ ರೇಡಿಯೇಟರ್ ಫ್ಯಾನಿನಿಂದಲೂ ದೂರ, ಬಾನೆಟ್ ತೆರೆಯದೆ ಕೈಗೆಟುಕದ ಮೂಲೆಯಲ್ಲಿದೆ. ಹಾರ್ನ್ ಗುಂಡಿಗೆ ಇದನ್ನು ಸೇರಿಸಲು ಕೆಲವರು ಕೇಳುತ್ತಾರೆ. ಬಹುಸ್ವರದ ಹಾರ್ನ್ ಖಾಸಗಿ ವಾಹನಕ್ಕೆ ನಿಷಿದ್ಧ, ಸೇರಿಸಲೇಬೇಡಿ.

ಕೊನೆಗೆ, ನಿಂತ ಕಾರಿನಲ್ಲಿ ಬ್ಯಾಟರಿ ಸುಮ್ಮನೆ ಸೋರುತ್ತಿದೆಯೇ ಎಂದು ನೋಡಲು ಮಲ್ಟಿಮೀಟರಿನ ಕೆಂಪು ಮೊನೆಯ ತಂತಿಯನ್ನು 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ಬ್ಯಾಟರಿಯ ನೆಗೆಟಿವ್ ಮತ್ತು ಅದರ ಕೇಬಲ್ ನಡುವೆ ಜೋಡಿಸಿ, ಕಾರು ಲಾಕ್ ಮಾಡಿ ಕಾದೆ. ಈ ಹೊತ್ತಿನಲ್ಲಿ ಎಂಜಿನ್ ಚಾಲೂ ಮಾಡಲೇಬಾರದು, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಕಾರಿನ ಕಂಪ್ಯೂಟರುಗಳೆಲ್ಲ ಮಲಗಿದ ಮೇಲೆ ಹರಿವು 50 ಮಿಲಿಆಂಪಿಯರಿಗಿಂತ ಕೆಳಗಿಳಿಯಿತು. ಜೋಡಣೆಯ ನಕ್ಷೆಯನ್ನು ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಿದ್ದೇನೆ. ಮುಂದೆ ಯಾವ ಎಲೆಕ್ಟ್ರಿಷಿಯನ್ ಬಾನೆಟ್ ತೆರೆದರೂ ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಊಹಿಸಬೇಕಾಗಿಲ್ಲ.